ಒಬ್ಬರೇ ಸದಸ್ಯರಿದ್ದ ಅಭಿಮಾನಿಗಳ ಸಂಘ

ನನ್ನದು ಬ್ಯಾನರ್ ಅಂಗಡಿ. ಅನ್ನಪೂರ್ಣೇಶ್ವರಿ ನಗರದ ಒಂದು ಮೂರಂತಸ್ತಿನ ಕಟ್ಟಡದ ಕೆಳಗಿದೆ. ಹುಟ್ಟುಹಬ್ಬ, ಗೃಹಪ್ರವೇಶ, ಆರತಕ್ಷತೆ, ಸಾವು, ಯಾವುದೇ ಇರಲಿ, ನಮ್ಮ ಏರಿಯಾದವರ ಸುಖದುಃಖ ನನ್ನ ಕಂಪ್ಯೂಟರನ್ನು ದಾಟಿಯೇ ಬೀದಿಗೆ ಬರಬೇಕು. ಪ್ಲಾಸ್ಟಿಕ್ಕಿಗೆ ನಿಷೇಧ ಬಂದ ಮೇಲೆ ಬಟ್ಟೆಯ ಮೇಲೆ ಮುದ್ರಿಸುತ್ತೇನೆ. ಜನ ಮಾತ್ರ ಇವತ್ತಿಗೂ ಅದನ್ನು ಫ್ಲೆಕ್ಸ್ ಅಂತಲೇ ಕರೆಯುತ್ತಾರೆ. ಶ್ರದ್ಧಾಂಜಲಿಯದು ಎಲ್ಲಕ್ಕಿಂತ ಸುಲಭದ ಕೆಲಸ. ಬಿಳಿ ಮೋಡ, ಒಂದು ದೀಪ, ಜೋಡಿ ಪಾರಿವಾಳ ಮೊದಲೇ ಸಿದ್ಧವಿರುತ್ತವೆ. ಫೋಟೋ, ಹೆಸರು ಬದಲಾಯಿಸಿದರೆ ಆಯಿತು, ಅಷ್ಟರಲ್ಲಿ ಟೀ ಕೂಡ ಆರಿರುವುದಿಲ್ಲ.

ಕಳೆದ ತಿಂಗಳು ಆ ಮೋಡದ ನಡುವೆ ನಮ್ಮ ಓನರ್ ಫೋಟೋ ಕೂರಿಸಬೇಕಾಗಿ ಬಂತು. ಕೈಯೇ ಓಡಲಿಲ್ಲ. ಬೆಂಗಳೂರಿನಲ್ಲಿ ಓನರ್ ಸತ್ತಿದ್ದಕ್ಕೆ ಬಾಡಿಗೆಯವನು ಅತ್ತ ಎಂದರೆ ಯಾರು ನಂಬುತ್ತಾರೆ? ನಾನಂತೂ ಅತ್ತೆ. ಅದರಲ್ಲಿ ನಾಚಿಕೆ ಏನಿಲ್ಲ. ಅವರು ಹೋದರು ಅನ್ನುವುದಕ್ಕಿಂತ, ಒಬ್ಬರಿಗೆ ಒಂದು ಮಾತು ಹೇಳಬೇಕು ಹೇಳಬೇಕು ಎಂದು ವರ್ಷಗಟ್ಟಲೆ ಒದ್ದಾಡಿ, ಕೊನೆಗೂ ಹೇಳದೆ ಹೋದರಲ್ಲ ಎಂದು ಸಂಕಟವಾಯಿತು.

ಅವರದು ಇಲ್ಲಿಯದೇ ಹಳೆಯ ಒಕ್ಕಲು ಮನೆತನ. ಈಗ ನಮ್ಮ ಕಟ್ಟಡ ಇರುವಲ್ಲಿ ಅವರಪ್ಪ ರಾಗಿ ಬೆಳೆಯುತ್ತಿದ್ದರಂತೆ. ಲೇಔಟ್ ಆಯಿತು, ಹೊಲ ಹೋಗಿ ಸೈಟು ಬಂತು, ಸೈಟಿನ ಮೇಲೆ ಕಟ್ಟಡ ಎದ್ದಿತು, ಓನರ್‌ಗೆ ಮಾಡಲು ಕೆಲಸವೇ ಇಲ್ಲದಂತಾಯಿತು. ಅಂಥವರಲ್ಲಿ ಕೆಲವರು ರಾಜಕೀಯಕ್ಕೆ ಹೋಗುತ್ತಾರೆ, ಕೆಲವರು ಇಸ್ಪೀಟಿಗೆ. ಇವರು ಸಿನಿಮಾಕ್ಕೆ ಹೋದರು.

ಅಂಗಡಿ ಕೇಳಲು ಹೋದ ದಿನ ನನ್ನ ಊರು, ಕುಲ, ಗೋತ್ರ ಯಾವುದನ್ನೂ ವಿಚಾರಿಸಲಿಲ್ಲ. ಬಿಳಿ ಪಂಚೆ ಮೇಲೆತ್ತಿ ಕಟ್ಟಿಕೊಂಡು, ಮೆಟ್ಟಿಲ ಮೇಲೆ ಕೂತು ಕಡ್ಲೆಕಾಯಿ ಸುಲಿಯುತ್ತಿದ್ದವರು ತಲೆ ಎತ್ತದೆ ಕೇಳಿದ್ದು ಇಷ್ಟು:

“ಸಿನಿಮಾ ನೋಡ್ತೀಯೇನಪ್ಪ?”

“ನೋಡ್ತೀನಿ ಸಾರ್.”

“ಹೆಸರು ಬರಕ್ ಮುಂಚೆ ಹೋಗಿ ಕೂರ್ತೀಯೋ, ಫೈಟಿಂಗ್ ಶುರುವಾದ್ಮೇಲೆ ನುಗ್ತೀಯೋ?”

ಅಂಗಡಿ ಬೇಕಿತ್ತು, “ಹೆಸರಿಗೆ ಮುಂಚೆನೇ ಸಾರ್” ಅಂದೆ. ಬೀಗದ ಕೈ ಸಿಕ್ಕಿತು.

ಹೆಸರು ಅವರಿಗೆ ಅಷ್ಟು ಮುಖ್ಯ. ಟಾಕೀಸಿಗೆ ಹೋಗುವಷ್ಟರಲ್ಲಿ ಹೆಸರು ಬರಲು ಶುರುವಾಗಿದ್ದರೆ ಬಾಗಿಲಿನಿಂದಲೇ ವಾಪಸ್ ಬಂದು ಮುಂದಿನ ಆಟಕ್ಕೆ ಹೋಗುತ್ತಿದ್ದರು. ಹೊಸ ಸಿನಿಮಾಗಳಲ್ಲಿ ಹೆಸರುಗಳೆಲ್ಲ ಕೊನೆಗೆ ಬರತೊಡಗಿದ್ದು ಅವರಿಗೆ ದೊಡ್ಡ ಸಂಕಟ ತಂದಿತು. ದೀಪ ಹತ್ತಿ, ಜನ ಎದ್ದು, ಕಸ ಗುಡಿಸುವವರು ಪೊರಕೆ ಹಿಡಿದು ಬಂದರೂ ಇವರು ನಡುದಾರಿಯಲ್ಲಿ ನಿಂತು ಓದುತ್ತಿದ್ದರು. “ಮದುವೆ ಮನೇಲಿ ಉಂಡು, ಅಡುಗೆಯೋರ ಮುಖ ನೋಡ್ದೆ ಬರಕ್ಕಾಗುತ್ತಾ?” ಎಂದು ನನ್ನನ್ನೇ ಗದರುತ್ತಿದ್ದರು. ಜೊತೆಗೆ ಹೋದ ತಪ್ಪಿಗೆ ನಾನೂ ನಿಲ್ಲಬೇಕು.

ಆ ಹೆಸರುಗಳ ರಾಶಿಯಲ್ಲಿ ಅವರು ಹುಡುಕುತ್ತಿದ್ದುದು ಒಂದೇ ಒಂದು ಹೆಸರನ್ನು. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ನಿಮಗೆ ಗೊತ್ತಾಗುವುದಿಲ್ಲ, ಓನರ್‌ಗಿದ್ದ ದುಃಖವೇ ಅದು. ಮುಖ ನೋಡಿದರೆ “ಓ, ಇವರಾ!” ಎನ್ನುತ್ತೀರಿ. ಆಪರೇಷನ್ ಕೋಣೆಯಿಂದ ಹೊರಗೆ ಬಂದು ಕನ್ನಡಕ ತೆಗೆಯುವ ಡಾಕ್ಟರು ಅವರೇ. ತಾಳಿ ಕಟ್ಟಿಸುವ ಪುರೋಹಿತರು, ವರದಕ್ಷಿಣೆ ಹೊಂದಿಸಲಾಗದೆ ಕೈ ಹಿಸುಕಿಕೊಳ್ಳುವ ಹೆಣ್ಣಿನ ತಂದೆ, ‘ಆರ್ಡರ್, ಆರ್ಡರ್’ ಎನ್ನುವ ಜಡ್ಜು, ಎಲ್ಲ ಅವರೇ. ಒಂದು ಸೀನು, ಒಂದೆರಡು ಮಾತು. ಹೀರೋ ಬಂದಾಗ ಕಡ್ಲೆಕಾಯಿ ಸುಲಿಯುತ್ತ ಕೂರುವ ನಮ್ಮ ಓನರ್, ಅವರು ಬಂದ ಕೂಡಲೇ ಎದ್ದು ನಿಂತು, ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹಾಕುತ್ತಿದ್ದರು. ತೆರೆಯ ಮೇಲೆ ಯಾರೋ ಸತ್ತು, ಡಾಕ್ಟರು ತಲೆ ಆಡಿಸುತ್ತಿರುವಾಗ ಹಿಂದಿನಿಂದ ಶಿಳ್ಳೆ! ಜನ ಬೈಯುತ್ತಿದ್ದರು. ಇವರು ಕ್ಯಾರೇ ಅನ್ನುತ್ತಿರಲಿಲ್ಲ. ಒಮ್ಮೆ ಮಾಲಿನ ಥಿಯೇಟರಿಗೆ ಕರೆದುಕೊಂಡು ಹೋಗಿದ್ದೆ. ಒಳಗೆ ಹೋಗುವಾಗ ಬಾಗಿಲಲ್ಲಿದ್ದ ಗಾರ್ಡನ್ನು ಬಹಳ ಮರ್ಯಾದೆಯಿಂದ, “ಇಲ್ಲಿ ಶಿಳ್ಳೆ ಹಾಕ್ಬೋದೇನಪ್ಪಾ?” ಎಂದು ಕೇಳಿದರು. ಆತ ಕನ್ನಡ ಬಾರದೆ ತಲೆ ಆಡಿಸಿದ. ಮುಂದಿನದು ನೀವೇ ಊಹಿಸಿಕೊಳ್ಳಿ.

ಮನೆಯಲ್ಲಿ ಟೀವಿಯ ಮುಂದೆಯೂ ಇದೇ ಕಥೆ. ಮಧ್ಯಾಹ್ನ ಹಳೆಯ ಸಿನಿಮಾ ಬರುವ ಹೊತ್ತಿಗೆ ಸರಿಯಾಗಿ ಊಟ ಮುಗಿಸಿ ಕೂರುತ್ತಿದ್ದರು. ಅವರ ನಟರು ಕಂಡರೆ ಸಾಕು, ಮೆಟ್ಟಿಲ ಹತ್ತಿರ ಬಂದು ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗುತ್ತಿದ್ದರು: “ಬಂದ್ರು! ಬಂದ್ರು!” ಮೇಲಿನ ಮನೆಯವರು ಹಿಟ್ಟಿನ ಕೈಯಲ್ಲಿ, ನಾನು ಕತ್ತರಿ ಹಿಡಿದ ಕೈಯಲ್ಲಿ ಓಡಿಹೋಗುವಷ್ಟರಲ್ಲಿ ಸೀನು ಮುಗಿದು ಜಾಹೀರಾತು ಬಂದಿರುತ್ತಿತ್ತು. “ನಿಧಾನ ಮಾಡ್ಬಿಟ್ರಿ, ಹೋದ್ರು” ಎನ್ನುತ್ತಿದ್ದರು, ನೆಂಟರನ್ನು ಬಸ್ಸು ಹತ್ತಿಸಿ ಬಂದವರಂತೆ. ಓನರಮ್ಮನಿಗೆ ಇದೆಲ್ಲ ತಮಾಷೆ. ಆಯಮ್ಮ ಸಂಜೆಯ ಸೀರಿಯಲ್‌ಗಳ ಭಕ್ತೆ. ಅದರಲ್ಲಿ ಆ ನಟರು ಕಂಡರೆ ಒಳಗಿದ್ದ ಗಂಡನನ್ನು ಕರೆಯುತ್ತಿದ್ದುದೇ ಹೀಗೆ: “ರೀ, ನಿಮ್ಮ ಬೀಗರು ಬಂದ್ರು ನೋಡಿ!”

ಓನರ್ ಸೀರಿಯಲ್ಲನ್ನೂ ಬಿಡುತ್ತಿರಲಿಲ್ಲ. “ಸಿನಿಮಾದಲ್ಲಿ ಸತ್ತೋರು ಸತ್ತಂಗೆ. ಸೀರಿಯಲ್ಲಲ್ಲಿ ಹಂಗಲ್ಲ ಕಣೋ, ಸತ್ತೋರೂ ವಾಪಸ್ ಬರ್ತಾರೆ. ಎಷ್ಟ್ ಒಳ್ಳೇದು!” ಅನ್ನುತ್ತಿದ್ದರು.

ಇಷ್ಟೊಂದು ಅಭಿಮಾನ ಯಾಕೆ ಅಂತ ಒಂದು ದಿನ ಕೇಳಿಯೇ ಬಿಟ್ಟೆ. ಅಂಗಡಿಯ ಮುಂದೆ ಸ್ಟೂಲ್ ಹಾಕಿಕೊಂಡು ಕೂತಿದ್ದರು.

“ನಾನೂ ಒಂದ್ ಸಲ ಬಣ್ಣ ಹಚ್ಚಿದೋನೇ ಕಣೋ” ಅಂದರು. “ಇದೆಲ್ಲ ಹಳ್ಳಿಯಾಗಿದ್ದಾಗ ಊರಲ್ಲಿ ನಾಟಕ ಆಡ್ತಿದ್ರು. ನಂಗೆ ದೂತನ ಪಾರ್ಟು. ಒಂದೇ ಮಾತು. ‘ಪ್ರಭೂ, ಶತ್ರುಗಳು ಕೋಟೆ ಬಾಗಿಲಿಗೆ ಬಂದಿದ್ದಾರೆ.’ ಹೊಲದಲ್ಲಿ ಎಮ್ಮೆಗೆಲ್ಲ ಹೇಳಿ ಹೇಳಿ ಅಭ್ಯಾಸ ಮಾಡಿದ್ದೆ. ಅವತ್ತು ಸ್ಟೇಜ್ ಮೇಲೆ ಹೋದೆ. ಲೈಟು ಕಣ್ಣಿಗೆ ಹೊಡೀತು. ಕೆಳಗೆ ನೋಡ್ತೀನಿ, ಇಡೀ ಊರು ಕೂತೈತೆ. ನಮ್ಮಪ್ಪ ಮುಂದೇನೇ. ಬಾಯಿ ಅಂಟ್ಕೊಂಬಿಡ್ತು.”

“ಆಮೇಲೆ?”

“ಆಮೇಲೇನು, ರಾಜನ ಪಾರ್ಟಿನೋನೇ ಕೇಳ್ದ, ‘ಏನು ದೂತಾ, ಶತ್ರುಗಳು ಬಂದರೇ?’ ನಾನು ಹೂಂ ಅಂತ ತಲೆ ಆಡಿಸ್ದೆ. ‘ಕೋಟೆ ಬಾಗಿಲಿಗೇ ಬಂದರೇ?’ ಅದಕ್ಕೂ ತಲೆ ಆಡಿಸ್ದೆ. ಜನ ಬಿದ್ದು ಬಿದ್ದು ನಕ್ಕರು. ಯುದ್ಧದ ಸೀನೇ ಕೆಟ್ಟೋಯ್ತು. ನಮ್ಮಪ್ಪ ಎದ್ದು ಮನೆಗೆ ಹೋದ್ರು.”

ನಾನೂ ನಕ್ಕೆ. ಅವರು ನಗಲಿಲ್ಲ.

“ಹೀರೋಗೇನಪ್ಪ, ಒಂದ್ ಸೀನ್ ಕೆಟ್ರೆ ಇನ್ನೊಂದಿರುತ್ತೆ. ಒಂದೇ ಮಾತು ಇರೋನಿಗೆ ಅದೊಂದೇ. ಇವ್ರು ನೋಡು, ಬರ್ತಾರೆ, ಹೇಳ್ತಾರೆ, ಹೋಗ್ತಾರೆ. ಒಂದಿನಾನೂ ತಪ್ಪಿಲ್ಲ. ಎಲ್ಲಾದ್ರೂ ಸಿಕ್ಕಿದ್ರೆ ಕೈ ಹಿಡ್ಕೊಂಡು ಹೇಳ್ಬೇಕು ಅಂತಿದೀನಿ: ಸಾರ್, ನೀವು ಬಂದ್ರಿ ಅಂದ್ರೆ ಈ ಸೀನ್ ಕೆಡಲ್ಲ ಅಂತ ನಂಗೆ ಧೈರ್ಯ.”

ಆ ನಟರು ಇರುವುದು ಲಗ್ಗೆರೆಯಲ್ಲಿ ಅಂತ ಯಾರೋ ಹೇಳಿದ್ದರು. ಬಸ್ಸು ಹತ್ತಿದರೆ ಆಯಿತು, ಹೋಗಿ ಹೇಳಿ ಬನ್ನಿ ಸಾರ್ ಅಂದರೆ, “ಸುಮ್ನಿರೋ, ಹಂಗೆಲ್ಲ ದೊಡ್ಡೋರ ಮನೆಗೆ ನುಗ್ಗಕ್ಕಾಗುತ್ತಾ” ಎನ್ನುತ್ತಿದ್ದರು.

ಕೆಲವು ವರ್ಷಗಳ ಹಿಂದೆ ಒಂದು ದೊಡ್ಡ ಸಿನಿಮಾ ಬಂತು. ಅದರಲ್ಲಿ ಅವರ ನಟರಿಗೆ ಹೀರೋ ತಾತನ ಪಾರ್ಟು ಎಂದು ಪೇಪರಿನ ಮೂಲೆಯಲ್ಲಿ ಓದಿದ್ದೇ ತಡ, ಓನರ್ ನನ್ನ ಅಂಗಡಿಗೆ ಇಳಿದು ಬಂದರು. ಮಾಗಡಿ ರಸ್ತೆಯ ಟಾಕೀಸಿನ ಮುಂದೆ ತಾತನಿಗೂ ಒಂದು ಬ್ಯಾನರ್ ಕಟ್ಟಬೇಕು. ನಮ್ಮ ಕಡೆ ಸಿನಿಮಾ ಬಿಡುಗಡೆಯೆಂದರೆ ಗೊತ್ತಲ್ಲ, ಹೀರೋಗೆ ಆಕಾಶದೆತ್ತರ ಕಟೌಟು, ಅದಕ್ಕೆ ಹಾಲು, ಅಭಿಮಾನಿ ಸಂಘಗಳು ಮಾಡಿಸಿ ತೂಗುಹಾಕುವ ಮಂಚದಗಲದ ಬಣ್ಣದ ಕಾಗದದ ಸ್ಟಾರುಗಳು. ಅದರ ನಡುವೆ ತಾತನಿಗೆ ಬ್ಯಾನರ್!

“ಕೆಳಗಡೆ ಏನ್ ಹಾಕ್ಲಿ ಸಾರ್?”

“ಅಭಿಮಾನಿಗಳ ಸಂಘ ಅಂತ ಹಾಕು.”

“ಸಂಘದಲ್ಲಿ ಯಾರ್ಯಾರಿದಾರೆ?”

“ನಾನು.”

“ಮತ್ತೆ?”

“ಮತ್ತೂ ನಾನೇ. ಹಾಕೋ, ತಲೆ ತಿನ್ಬೇಡ.”

ಫೋಟೋ ಎಲ್ಲೂ ಸಿಗಲಿಲ್ಲ. ಟೀವಿ ನಿಲ್ಲಿಸಿ ಮೊಬೈಲಿನಲ್ಲಿ ತೆಗೆದದ್ದು ಮಸುಕಾಗಿತ್ತು. “ಕಪ್ಪು ಬಿಳುಪು ಮಾಡು, ಗಾಂಭೀರ್ಯ ಬರುತ್ತೆ” ಅಂದರು. ಹಿಂದೆ ಬಿಳಿ ಬಣ್ಣ ಬೇಕೆಂದರು, ಶಾಂತವಾಗಿರಲಿ ಅಂತ. ‘ಹಿರಿಯ ಕಲಾವಿದರಿಗೆ ನಮ್ಮ ಹೃತ್ಪೂರ್ವಕ ನಮನಗಳು’ ಎಂದು ಅವರೇ ಬರೆಸಿದರು. ಸಾಲದ್ದಕ್ಕೆ ಕಟ್ಟುವ ದಿನ ಮಾರ್ಕೆಟ್ಟಿನಿಂದ ದಪ್ಪನೆಯ ಸುಗಂಧರಾಜದ ಹಾರ ತಂದರು.

“ಸಾರ್, ಹಾರ ಒಂದ್ ಬೇಡ. ಇದು ಶ್ರದ್ಧಾಂಜಲಿ ಥರಾನೇ ಕಾಣುತ್ತೆ.”

“ಹಾರ ಹಾಕಿದ್ ತಕ್ಷಣ ಸತ್ತೋಗ್ತಾರೇನೋ? ಮದುವೇಲಿ ಹಾಕ್ಕೊಂಡು ನಾನು ಬದುಕಿಲ್ವಾ?”

“ಬದುಕಿದೀರ, ಬಾಯಿ ಇಲ್ಲ ಅಷ್ಟೇ” ಎಂದು ಮೇಲಿನಿಂದ ಓನರಮ್ಮ ಅಂದರು.

ನಾನು ಇನ್ನೂ ಎರಡು ಸಲ ಹೇಳಿ ನೋಡಿದೆ. ಒಕ್ಕಲು ಮಕ್ಕಳ ಹಟ, ಕೇಳುತ್ತಾರೆಯೇ? ಬೆಳಿಗ್ಗೆ ಹೋಗಿ ಸೈಕಲ್ ಸ್ಟ್ಯಾಂಡಿನ ಪಕ್ಕದ ಗೋಡೆಗೆ ಕಟ್ಟಿ, ಹಾರ ಹಾಕಿ ಬಂದರು. ಮಧ್ಯಾಹ್ನ ಸಿನಿಮಾ ಮುಗಿಸಿ ಬರುವಾಗ ಕಣ್ಣು ಒದ್ದೆಯಾಗಿತ್ತು. “ಏನ್ ಹೇಳ್ಲಿ ಕಣೋ! ಹೀರೋ ಹುಡುಗ್ರು ತಮಟೆ ನಿಲ್ಸಿ, ಚಪ್ಪಲಿ ಬಿಟ್ಟು ಕೈ ಮುಗಿದ್ರು. ಯಾರೋ ಊದುಬತ್ತಿ ಬೇರೆ ಹಚ್ಚವ್ರೆ. ಇಷ್ಟು ವರ್ಷಕ್ಕೆ ಅವರ ಬೆಲೆ ಗೊತ್ತಾಯ್ತು ಜನಕ್ಕೆ!”

ನಾನು ಬಾಯಿ ತೆರೆಯುವ ಮೊದಲೇ ನನ್ನ ಫೋನು ಟಿಣ್ ಎಂದಿತು. ಸ್ನೇಹಿತರ ವಾಟ್ಸಾಪ್ ಗುಂಪಿನಲ್ಲಿ ನಾನೇ ಮಾಡಿದ ಬ್ಯಾನರಿನ ಫೋಟೋ. ಕೆಳಗೆ ಸಾಲು ಸಾಲು ಕೈ ಮುಗಿದ ಚಿತ್ರ, ‘ಓಂ ಶಾಂತಿ’. ಸುಮ್ಮನೆ ಫೋನನ್ನು ಅವರ ಮುಂದೆ ಹಿಡಿದೆ. ಓದಿದರು. ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತು “ಅಯ್ಯೋ ಶಿವನೇ” ಅಂದರು, ಅಷ್ಟೇ. ತಕ್ಷಣ ಇಬ್ಬರೂ ಸ್ಕೂಟರಿನಲ್ಲಿ ಹೋಗಿ ಬ್ಯಾನರ್ ಬಿಚ್ಚಿಕೊಂಡು ಬಂದೆವು. ಆದರೆ ಸುದ್ದಿಯನ್ನು ಬಿಚ್ಚಿಕೊಂಡು ಬರಲಾಗುತ್ತದೆಯೇ?

ಮಾರನೆಯ ದಿನ ಅಂಗಡಿಯ ಮುಂದೆ ಒಂದು ಆಟೋ ನಿಂತಿತು. ಇಳಿದವರನ್ನು ನೋಡಿ ಎದ್ದು ನಿಂತೆ. ಡಾಕ್ಟರು, ಪುರೋಹಿತರು, ಜಡ್ಜು, ಎಲ್ಲರೂ ಒಂದೇ ಮುದುಕರಾಗಿ ನನ್ನ ಮುಂದೆ ನಿಂತಿದ್ದರು. ಕೈಯಲ್ಲಿದ್ದ ಮೊಬೈಲಿನಲ್ಲಿ ಆ ಬ್ಯಾನರು. ಮೂಲೆಯಲ್ಲಿದ್ದ ನನ್ನ ಅಂಗಡಿಯ ಹೆಸರು ನೋಡಿಕೊಂಡೇ ಬಂದಿದ್ದರು.

“ಇದನ್ನ ಮಾಡಿದ್ದು ನೀವೇನಪ್ಪಾ? ನಾನಿನ್ನೂ ಸತ್ತಿಲ್ಲ.”

ಮೆಟ್ಟಿಲ ಹತ್ತಿರ ಹೋಗಿ ಮೇಲಕ್ಕೆ ಕೂಗಿದೆ: “ಸಾರ್, ಬಂದ್ರು!” ಅವರು ನಮ್ಮನ್ನು ಕೂಗುತ್ತಿದ್ದ ಮಾತೇ ನನ್ನ ಬಾಯಲ್ಲಿ ಬಂದಿತ್ತು. ಓನರ್ ಇಳಿದು ಬಂದವರು ಕೊನೆಯ ಮೆಟ್ಟಿಲ ಮೇಲೆ ನಿಂತುಬಿಟ್ಟರು.

ನಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸಿನಿಮಾದಲ್ಲಿ ಮಾತಾಡುವ ಅದೇ ತಗ್ಗಿದ ದನಿಯಲ್ಲಿ ಹೇಳಿದರು: “ನೆಂಟರೆಲ್ಲ ಅಳ್ತಾ ಮನೆಗೆ ಬಂದ್ಬಿಟ್ರು ಸ್ವಾಮಿ. ನನ್ನ ಹೆಂಡತಿ ಬಾಗಿಲು ತೆಗೆದು ‘ಒಳಗಿದಾರೆ, ಕಾಫಿ ಕುಡೀತಾ ಇದಾರೆ’ ಅಂತ ಎಲ್ಲರಿಗೂ ಹೇಳ್ಬೇಕಾಯ್ತು. ಅದೆಲ್ಲ ಹೋಗ್ಲಿ. ಬಹಳ ದಿನದ ಮೇಲೆ ಒಂದು ಸೀರಿಯಲ್ಲು ಸಿಕ್ಕಿತ್ತು. ತಾತನ ಪಾತ್ರ, ದಿನಾ ಇರ್ತಿತ್ತು. ಅವರು ಸುದ್ದಿ ನೋಡಿ, ನನಗೊಂದು ಫೋನೂ ಮಾಡ್ದೆ ಬೇರೆಯವರನ್ನ ಹಾಕ್ಕೊಂಬಿಟ್ರು. ನಾನು ನಿಮಗೇನು ಮಾಡಿದ್ದೆ?”

ನಾನು ಓನರ್ ಮುಖ ನೋಡಿದೆ. ಎಷ್ಟು ವರ್ಷದಿಂದ ಸಿದ್ಧಮಾಡಿಟ್ಟುಕೊಂಡ ಮಾತು! ತುಟಿ ಅಲ್ಲಾಡಿತು, ದನಿ ಹೊರಡಲಿಲ್ಲ. ಎರಡೂ ಕೈ ಜೋಡಿಸಿ ನಿಂತರು. ಓನರಮ್ಮ ಕಾಫಿ ಹಿಡಿದು ಬಂದು, “ತಪ್ಪು ತಿಳ್ಕೋಬೇಡಿ ಸಾರ್. ನಿಮ್ ಮೇಲಿನ ಅಭಿಮಾನಕ್ಕೆ ಮಾಡ್ಬಿಟ್ರು, ಇವ್ರು ನಿಮ್ಮ ಫ್ಯಾನು” ಅಂದರು.

ನಟರು ನಮ್ಮ ಮೂವರನ್ನೂ ಒಮ್ಮೆ ನೋಡಿದರು. “ನನಗೆ ಫ್ಯಾನಾ?” ಅಂದರು. “ತಮಾಷೆ ಮಾಡೋದಕ್ಕೂ ಒಂದು ಮಿತಿ ಇರಬೇಕಮ್ಮಾ.” ಕಾಫಿ ಮುಟ್ಟದೆ ಹೊರಟುಹೋದರು.

ಆಮೇಲಿನ ಕೆಲವು ದಿನ ನಮ್ಮ ಕಟ್ಟಡದಲ್ಲಿ ಸೂತಕ ಇದ್ದ ಹಾಗಿತ್ತು. ಮಧ್ಯಾಹ್ನದ ಟೀವಿ ಸದ್ದಿಲ್ಲ. ಸಂಜೆ ಸೀರಿಯಲ್ ಹಚ್ಚಿದರೆ ಓನರ್ ಎದ್ದು ಹೊರಗೆ ಬರುತ್ತಿದ್ದರು. “ಅವ್ರ ಸೀನ್ ನಾನೇ ಕೆಡಿಸ್ಬಿಟ್ನಲ್ಲೋ” ಎನ್ನುವುದೊಂದೇ ಮಾತು. ಕೊನೆಗೆ ಒಂದು ಬೆಳಿಗ್ಗೆ ಇಸ್ತ್ರಿ ಮಾಡಿದ ಪಂಚೆ ಉಟ್ಟು, “ನಡಿ, ಕೆಂಗೇರಿಗೆ” ಅಂದರು. ಆ ಸೀರಿಯಲ್ ಶೂಟಿಂಗ್ ಅಲ್ಲಿನ ಒಂದು ಬಂಗಲೆಯಲ್ಲಿ ನಡೆಯುತ್ತಿತ್ತು. ಗೇಟಿನಲ್ಲಿ ಬಿಸಿಲಲ್ಲಿ ನಿಂತೆವು. ಮ್ಯಾನೇಜರ್ ಬಂದು, ಹೊಸ ತಾತನದು ಆಗಲೇ ಶೂಟಿಂಗ್ ಆಗಿದೆ, ಏನೂ ಮಾಡೋಕಾಗಲ್ಲ ಅಂದ. “ಅದೂ ಅಲ್ದೆ, ಅವರು ಹೋಗ್ಬಿಟ್ರು ಅಂತ ಎಲ್ಲರಿಗೂ ಗೊತ್ತಲ್ಲ ಸಾರ್” ಅಂತಲೂ ಸೇರಿಸಿದ. “ಅವರು ಬದುಕಿದಾರೆ ಅಂತ ಹೇಳೋಕೇ ಅಲ್ವೇನ್ರೀ ಬಂದಿರೋದು!” ಎಂದು ನಾನು ರೇಗಿದೆ. ಗೇಟು ಮುಚ್ಚಿತು.

ವಾಪಸ್ ಬರುವಾಗ ನನಗೆ ಹೊಳೆಯಿತು. ಈ ಊರಿನಲ್ಲಿ ಒಬ್ಬರು ಬದುಕಿದ್ದಾರೆ ಅಂತ ಸಾರಲು ಇರುವುದು ಒಂದೇ ದಾರಿ.

“ಸಾರ್, ಬರ್ತ್‌ಡೇ ಬ್ಯಾನರ್ ಹಾಕ್ಬಿಡೋಣ.”

“ಅವ್ರ ಹುಟ್ಟಿದಬ್ಬ ಯಾವತ್ತೋ?”

“ಯಾವತ್ತಾದ್ರೇನು? ಸತ್ತೋರಿಗೆ ಯಾರೂ ಬರ್ತ್‌ಡೇ ಮಾಡಲ್ಲ.”

ಈ ಸಲ ಅವರ ಮಾತು ಕೇಳಲಿಲ್ಲ, ಎಲ್ಲ ನನ್ನದೇ ದರ್ಬಾರು. ಪುಢಾರಿಗಳ ಹುಟ್ಟುಹಬ್ಬಕ್ಕೆ ಬಳಸುವ ನಮೂನೆ ತೆಗೆದೆ. ಕೆಂಪು, ಹಳದಿ, ಪಟಾಕಿ, ಕಿರೀಟ, ಪಕ್ಕದಲ್ಲಿ ಒಂದು ಸಿಂಹ. ಆ ಬಡಪಾಯಿ ನಟರಿಗೆ ಕೋಟು ತೊಡಿಸಿ ಕಪ್ಪು ಕನ್ನಡಕ ಹಾಕಿದೆ. ತೋಚಿದ ಒಂದು ತಾರೀಖನ್ನೂ ಹಾಕಿದೆ. ಕೆಳಗೆ ‘ಶುಭ ಕೋರುವವರು’ ಎಂದು ಓನರ್, ಓನರಮ್ಮ, ನಾನು, ಮೇಲಿನ ಮನೆಗಳ ಸಂಸಾರಗಳು, ಎಲ್ಲರ ಪುಟ್ಟ ಫೋಟೋಗಳು. ಸಂಘಕ್ಕೆ ಅವತ್ತೊಂದು ದಿನ ಸದಸ್ಯರು ತುಂಬಿ ತುಳುಕಿದರು. ಲಗ್ಗೆರೆಯಲ್ಲಿ, ರಾಜಾಜಿನಗರದಲ್ಲಿ, ಟಾಕೀಸಿನ ಮುಂದೆ, ಕೆಂಗೇರಿಯ ಆ ಬಂಗಲೆಯ ಎದುರಿಗೇ ಒಂದು. ಗಾಳಿಗೆ ಹರಿದರೆ ಓನರ್ ಮತ್ತೆ ಕಟ್ಟಿಸುತ್ತಿದ್ದರು. ಹುಟ್ಟುಹಬ್ಬ ತಿಂಗಳಾದರೂ ಮುಗಿಯಲಿಲ್ಲ. ಸೀರಿಯಲ್‌ನವರು ದಿನಾ ಬೆಳಿಗ್ಗೆ ಬರುವಾಗ ಸಿಂಹದ ಪಕ್ಕ ನಿಂತ ತಾತನನ್ನು ನೋಡಿ ನೋಡಿ ನಗತೊಡಗಿದರಂತೆ. ನಗುತ್ತ ನಗುತ್ತ ಒಂದು ದಿನ ಫೋನು ಮಾಡಿದರಂತೆ. ಕಾಶಿಗೆ ಹೋಗಿ ಸತ್ತೇ ಹೋದರೆಂದು ಎಲ್ಲರೂ ತಿಳಿದಿದ್ದ ತಾತನ ಅಣ್ಣ ಒಂದು ಸಂಜೆ ಆ ಸೀರಿಯಲ್‌ನ ಬಾಗಿಲು ತಟ್ಟಿದರು.

“ರೀ, ನಿಮ್ಮ ಬೀಗರು!” ಎಂದು ಓನರಮ್ಮ ಚೀರಿದ್ದು ಕೇಳಿ ನಾವೆಲ್ಲ ಓಡಿದೆವು. ಅವತ್ತು ಮಾತ್ರ ಸೀನು ಇನ್ನೂ ನಡೆಯುತ್ತಿತ್ತು. ಓನರ್ ಹಾಕಿದ ಶಿಳ್ಳೆಗೆ ಬೀದಿಯ ನಾಯಿಗಳು ಎದ್ದವು.

ಆ ವಾರವೇ ನಟರು ಮತ್ತೆ ಬಂದರು, ಹೆಂಡತಿಯನ್ನು ಕರೆದುಕೊಂಡು, ಕೈಯಲ್ಲಿ ಮೈಸೂರು ಪಾಕಿನ ಪೊಟ್ಟಣ ಹಿಡಿದು. “ನಾನು ಹುಟ್ಟಿದ ದಿನ ನನಗೂ ಸರಿಯಾಗಿ ಗೊತ್ತಿಲ್ಲ. ನೀವು ಹಾಕಿದ್ದೇ ಇರಲಿ ಬಿಡಿ” ಅಂದರು. ಈ ಸಲ ಕಾಫಿಯನ್ನು ಎರಡು ಲೋಟ ಕುಡಿದರು. ಅಲ್ಲಿಂದ ಪ್ರತಿ ವರ್ಷ ಆ ದಿನ ಓನರ್ ಮನೆಯಲ್ಲಿ ಅವರ ಹುಟ್ಟುಹಬ್ಬ. ಓನರಮ್ಮ ಒಬ್ಬಟ್ಟು ಮಾಡುತ್ತಿದ್ದರು. ಊಟವಾದ ಮೇಲೆ ಯಾವುದಾದರೂ ಹಳೆಯ ಸಿನಿಮಾ ಹಾಕುತ್ತಿದ್ದರು. ಪಕ್ಕದಲ್ಲೇ ಕೂತ ಮನುಷ್ಯ ಟೀವಿಯಲ್ಲಿ ಬಂದ ಕೂಡಲೇ ಓನರ್ ಎದ್ದು ನಿಂತು ಟೀವಿಗೆ ಶಿಳ್ಳೆ ಹಾಕುವರು. ನಟರು ನಾಚಿಕೊಂಡು ಮುಖ ಒರೆಸಿಕೊಳ್ಳುವರು. ನೋಡಲು ಎರಡು ಕಣ್ಣು ಸಾಲದು.

ಆದರೆ ಆ ಮಾತು? ಹೇಳಲೇ ಇಲ್ಲ. ನಟರು ಎದುರಿಗಿದ್ದರೆ ಇವರದು ಬರೀ ನಗು, ಬರೀ ತಲೆಯಾಡಿಸುವುದು, “ಬಡಿಸೇ, ಬಡಿಸು” ಎಂದು ಹೆಂಡತಿಗೆ ಹೇಳುವುದು. ನಾನು ಪಕ್ಕದಲ್ಲಿ ಕೂತು ತಿವಿಯುತ್ತಿದ್ದೆ, “ಹೇಳಿ ಸಾರ್, ಈಗ್ಲಾದ್ರೂ ಹೇಳಿ.” ಅವರು ಕಣ್ಣಲ್ಲೇ ಗದರುತ್ತಿದ್ದರು. ಆಟೋ ಹೋದ ಮೇಲೆ, “ಮುಂದಿನ್ ಸಲ ಕಣೋ, ಖಂಡಿತ” ಎನ್ನುತ್ತಿದ್ದರು. ಕಳೆದ ತಿಂಗಳು ಮಧ್ಯಾಹ್ನ ಊಟ ಮಾಡಿ ಮಲಗಿದವರು ಸಿನಿಮಾದ ಹೊತ್ತಿಗೆ ಏಳಲಿಲ್ಲ. ಮುಂದಿನ ಸಲ ಎಂಬುದು ಮುಗಿದೇ ಹೋಯಿತು.

ಹನ್ನೊಂದನೆಯ ದಿನದ ಕಾರ್ಯಕ್ಕೆ ಬ್ಯಾನರ್ ಮಾಡಲು ಕೂತಿದ್ದೆ ಅಂದೆನಲ್ಲ, ಆಗ ನಟರು ಅಂಗಡಿಗೆ ಬಂದರು. ಈಗ ಕೋಲು ಹಿಡಿದಿದ್ದಾರೆ. ನನ್ನ ಹಿಂದೆ ನಿಂತು ಕಂಪ್ಯೂಟರಿನಲ್ಲಿ ಬೆಳಗುತ್ತಿದ್ದ ಬಿಳಿ ಮೋಡಗಳನ್ನು ನೋಡಿದರು.

“ಮೋಡ ತೆಗಿಯಪ್ಪ. ನನಗೆ ಹಾಕಿದ್ಯಲ್ಲ, ಸಿಂಹ, ಪಟಾಕಿ, ಅದನ್ನೇ ಹಾಕು.”

“ಸಾವಿನ ಮನೆಗೆ ಸಿಂಹಾನಾ ಸಾರ್?”

“ಅವರು ನನ್ನನ್ನ ಕಪ್ಪು ಬಿಳುಪು ಮಾಡಿದ್ರು. ನಾನು ಅವರನ್ನ ಬಣ್ಣದಲ್ಲೇ ಇಡ್ತೀನಿ.” ಜೇಬಿನಿಂದ ತಮ್ಮದೊಂದು ಪುಟ್ಟ ಫೋಟೋ ತೆಗೆದು ಮೇಜಿನ ಮೇಲಿಟ್ಟರು. “ಇದನ್ನ ಕೆಳಗೆ ಹಾಕು. ಅಭಿಮಾನಿಗಳ ಸಂಘ ಅಂತ ಬರಿ. ಒಬ್ಬನೇ ಇದ್ರೆ ಸಂಘ ಅನ್ನಬಹುದಾ?”

“ನಮ್ ಕಟ್ಟಡದಲ್ಲಿ ಅನ್ಬೋದು ಸಾರ್” ಅಂದೆ.

ಕಾರ್ಯದ ದಿನ ಕಟ್ಟಡದ ಮುಂದೆ ಶಾಮಿಯಾನ. ನೆಂಟರಿಷ್ಟರು ಬ್ಯಾನರ್ ನೋಡಿ ಹುಬ್ಬು ಗಂಟಿಕ್ಕಿದರು. ಓನರಮ್ಮ ಮಾತ್ರ ಬಹಳ ಹೊತ್ತು ನೋಡಿ, “ಚೆನ್ನಾಗ್ ಕಾಣ್ತಾರೆ” ಅಂದರು. ಪೂಜೆಯಾದ ಮೇಲೆ ಯಾರೋ ನಟರನ್ನು ಗುರುತಿಸಿ ಎರಡು ಮಾತಾಡಿ ಎಂದು ಮುಂದೆ ಕರೆದರು. ಅವರು ಫೋಟೋದ ಎದುರು ನಿಂತರು. ಬದುಕಿನಲ್ಲಿ ಒಂದು ಮಾತೂ ತಪ್ಪದೆ ಹೇಳಿ ಹೋಗುತ್ತಿದ್ದ ಮನುಷ್ಯ ಬಾಯಿ ತೆರೆದರು, ಮುಚ್ಚಿದರು. ಒಂದು ಮಾತೂ ಬರಲಿಲ್ಲ.

ನನಗೆ ತಡೆಯಲಾಗಲಿಲ್ಲ. ಹತ್ತಿರ ಹೋಗಿ, ಎಲ್ಲರಿಗೂ ಕೇಳುವಂತೆಯೇ ಹೇಳಿದೆ: “ಸಾರ್, ನಮ್ ಓನರ್ ನಿಮಗೊಂದು ಮಾತು ಹೇಳ್ಬೇಕು ಅಂತಿದ್ರು. ಬಾಯಿ ಬರ್ಲಿಲ್ಲ ಅವರಿಗೆ. ‘ನೀವು ಬಂದ್ರಿ ಅಂದ್ರೆ ಈ ಸೀನ್ ಕೆಡಲ್ಲ ಅಂತ ನಂಗೆ ಧೈರ್ಯ.’ ಇಷ್ಟೇ.”

ಅವರು ಹೂಂ ಎಂದು ತಲೆ ಆಡಿಸಿದರು. ಮತ್ತೆ ಆಡಿಸಿದರು. ಆಮೇಲೆ ಕೋಲನ್ನು ನನ್ನ ಕೈಗೆ ಕೊಟ್ಟು, ಫೋಟೋ ಕಡೆ ತಿರುಗಿ, ಎರಡು ಬೆರಳನ್ನು ಬಾಯಿಗಿಟ್ಟುಕೊಂಡರು. ಕಟ್ಟಿಸಿದ ಹಲ್ಲು, ಬರೀ ಗಾಳಿ ಬಂತು. ಇನ್ನೊಮ್ಮೆ ಊದಿದರು. ಸಣ್ಣಗೆ, ನಡುಗುತ್ತ, ಒಂದು ಶಿಳ್ಳೆ ಹೊರಟು ಶಾಮಿಯಾನದ ತುಂಬ ಹರಿಯಿತು. ಯಾರೂ ನಗಲಿಲ್ಲ.

ಓನರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಫೋಟೋ ಹತ್ತಿರ ಬಾಗಿದರು. ಒಳಗಿದ್ದ ಗಂಡನನ್ನು ದಿನಾ ಕರೆಯುತ್ತಿದ್ದ ಅದೇ ದನಿಯಲ್ಲಿ ಅಂದರು:

“ರೀ, ನಿಮ್ಮ ಬೀಗರು ಬಂದ್ರು ನೋಡಿ.”